ಫರ್ನಾಂಡಿಸ್ ಅಂದರೆ ಪೋರ್ಚುಗೀಸರಾ?

"ನೀವು ಫರ್ನಾಂಡಿಸ್ ಅಲ್ವಾ? ಹಾಗಾದ್ರೆ ನಿಮ್ಮ ಹಿರಿಯರು ಪೋರ್ಚುಗೀಸರಾ?" ಹೊಸದಾಗಿ ಪರಿಚಯವಾದವರು ಇದನ್ನು ಕೇಳದೆ ಬಿಡುವುದು ಕಡಿಮೆ.

ಅಲ್ಲ. ನಾವು ಮಂಗಳೂರಿನ ಕೊಂಕಣಿಗರು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಅಲ್ಲಿ ಕ್ರೈಸ್ತರಾದ ಮನೆತನಗಳಿಗೆ ದೀಕ್ಷಾಸ್ನಾನದ ಹೊತ್ತಿಗೆ ಇಂಥ ಹೆಸರು ಸಿಕ್ಕವು. ಎಷ್ಟೋ ಸಲ ದೀಕ್ಷೆ ಕೊಟ್ಟ ಪಾದ್ರಿಯ ಹೆಸರೇ ಇಡೀ ಮನೆಯ ಅಡ್ಡಹೆಸರಾಯಿತು. ಆಮೇಲೆ ಗೋವಾ ಬಿಟ್ಟು ಕೆನರಾ ಕರಾವಳಿಗೆ ಬಂದವರು ಅದನ್ನೂ ಜೊತೆಗೆ ತಂದರು.

ಹೋಗಲಿ, ಹೆಸರಾದರೂ ಪೋರ್ಚುಗೀಸರ ಸ್ವಂತದ್ದಾ? ಅದೂ ಅಲ್ಲ! ಐದನೇ ಶತಮಾನದಿಂದ 711ರಲ್ಲಿ ಮುಸ್ಲಿಂ ಸೇನೆ ಬರುವವರೆಗೆ ಸ್ಪೇನ್ ಕಡೆ ಆಳಿದವರು ವಿಸಿಗೋಥರು, ಜರ್ಮಾನಿಕ್ ಜನ, ಅಂದರೆ ಭಾಷೆಯಲ್ಲಿ ಜರ್ಮನ್ನರ ನಂಟರು. ಅವರ ಮಾತಿನಿಂದ ಬಂದದ್ದು ಫರ್ಡಿನಾಂಡ್, ನಮ್ಮ ಫರ್ನಾಂಡಿಸ್‌ನ ಮೂಲ. ಕೊನೆಯ ಭಾಗಕ್ಕೆ ಧೈರ್ಯ ಅಂತ ಅರ್ಥ. ಮೊದಲ ಭಾಗ ಶಾಂತಿಯೋ ಪ್ರಯಾಣವೋ ಅಂತ ಪಂಡಿತರು ಇನ್ನೂ ಜಗಳ ಆಡುತ್ತಾರೆ. ನನಗೆ ಪ್ರಯಾಣವೇ ಇಷ್ಟ, ಈ ಹೆಸರು ಸುತ್ತಿದ್ದು ನೋಡಿದರೆ.

ಪೋರ್ಚುಗಲ್‌ನಲ್ಲಿ ಅದು ಫೆರ್ನಾವುಂ, ಫೆರ್ನಾಂದು ಆಯಿತು. ನಾವಿಕ ಮೆಗೆಲನ್‌ನ ಹೆಸರೂ ಇದೇ. ಸ್ಪೇನ್‌ನ ಕ್ಯಾಸ್ಟೀಲ್ ಸೀಮೆಯಲ್ಲಿ ಮೊದಲಿನ ಫಕಾರ ಹಕಾರವಾಗಿ, ಆಮೇಲೆ ಅದೂ ಬಾಯಲ್ಲಿ ಸವೆದುಹೋಯಿತು. ಹಳಗನ್ನಡದ ಪಾಲು ಹಾಲಾದ ಹಾಗೆ ಅನ್ನಿ. ಹಾಗಾಗಿ ಅಲ್ಲಿ ಅದು ಹೆರ್ನಾಂಡೋ, ಹೆರ್ನಾನ್; ಮೆಕ್ಸಿಕೋ ಗೆದ್ದ ಹೆರ್ನಾನ್ ಕೊರ್ಟೆಸ್‌ನ ಹೆಸರನ್ನು ಎರ್ನಾನ್ ಅಂತ ಓದುತ್ತಾರೆ. ಸ್ಪೇನ್‌ನ ಈಶಾನ್ಯದ ಕೆಟಲಾನರಿಗೆ ಅದು ಫೆರ್ರಾನ್, ಫ್ರೆಂಚರಿಗೆ ಫೆರ್ನಾಂ, ಹಂಗೇರಿಯವರಿಗೆ ನಾಂದೋರ್. ಕೊನೆಗೆ 'ಎಸ್' ಸೇರಿದರೆ 'ಅವನ ಮಗ' ಅಂತ: ಫರ್ನಾಂಡಿಸ್. ಸ್ಪೇನ್‌ನವರು 'ಝಡ್' ಬರೆಯುತ್ತಾರೆ, ಹೆರ್ನಾಂಡೆಝ್ ಕೂಡ ಅದೇ.

ಇದರಲ್ಲಿ ಜಾಸ್ತಿ ತಮಾಷೆ ಅನಿಸುವುದು ಜರ್ಮನ್ನರ ಕಥೆ. ಗೋಥರ ಹೆಸರು ಅವರಿಗೆ ಸಿಕ್ಕಿದ್ದು ಸ್ಪೇನ್ ಸುತ್ತಿ ಬಂದ ಮೇಲೆ. 1503ರಲ್ಲಿ ಸ್ಪೇನ್‌ನಲ್ಲಿ ಹುಟ್ಟಿದ ಹಾಬ್ಸ್‌ಬರ್ಗ್ ಮನೆತನದ ರಾಜಕುಮಾರನಿಗೆ ತಾಯಿಯ ತಂದೆ, ಸ್ಪೇನ್‌ನ ಅರಗಾನ್ ಸೀಮೆಯ ದೊರೆ ಫರ್ಡಿನಾಂಡನ ಹೆಸರಿಟ್ಟರು. ಅವನು ಆಸ್ಟ್ರಿಯಾ ಆಳಿ ಚಕ್ರವರ್ತಿಯೂ ಆದ. ಆಮೇಲೆ ಜರ್ಮನ್ ಸೀಮೆಯಲ್ಲೆಲ್ಲ ಫರ್ಡಿನಾಂಡರು ಹುಟ್ಟಿದರು. ಅವರಲ್ಲೊಬ್ಬರು ನಮ್ಮ ಕಿಟೆಲ್. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಗಿದ್ದು ಮಂಗಳೂರಿನಲ್ಲೇ, ಊರಿನ ತುಂಬ ಫರ್ನಾಂಡಿಸರ ನಡುವೆ.

ರೋಡ್ರಿಗಸ್, ಗೊನ್ಸಾಲ್ವಿಸ್ ಕೂಡ ಇದೇ ಗೋಥರ ಕಡೆಯವು. ಡಿಸೋಜ ಸ್ನೇಹಿತರು ಆಸೆ ಇಟ್ಟುಕೊಳ್ಳಬೇಡಿ. ನಿಮ್ಮದು ಉತ್ತರ ಪೋರ್ಚುಗಲ್‌ನ ಸೋಜ ನದಿಯ ಹೆಸರು.