ಲಿಥಿಯಂ, ಲ್ಯಾಬು, ಬಿಸಿಲು

ಬೈಪೋಲಾರ್‌ಗೆ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಲಿಥಿಯಂ ತಗೊಳ್ಳೋರು ರಕ್ತದಲ್ಲಿ ಅದರ ಮಟ್ಟ ನೋಡೋ ಪರೀಕ್ಷೆಗೆ ರಕ್ತ ಕೊಡಬೇಕಾದ್ದು ಕೊನೆಯ ಮಾತ್ರೆ ನುಂಗಿ 12 ಗಂಟೆಗೆ. ರಾತ್ರಿ 9ಕ್ಕೆ ನುಂಗಿದ್ದರೆ ಬೆಳಿಗ್ಗೆ 9ಕ್ಕೆ ಲ್ಯಾಬು, ಆಮೇಲೆ ಆಫೀಸು. ಬೆಳಗಿನ ಮಾತ್ರೆಯೂ ಇದ್ದರೆ ಡಬ್ಬಿಯಲ್ಲಿ ಒಯ್ದು, ರಕ್ತ ಕೊಟ್ಟಮೇಲೆ ನುಂಗಿ. ಮೊದಲೇ ನುಂಗಿದರೆ ಅಂಕಿ ಸುಮ್ಮಸುಮ್ಮನೆ ಏರಿ ಕಾಣುತ್ತೆ. ಬಹುತೇಕರಿಗೆ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಗುರಿ.

ಏಪ್ರಿಲ್‌ನ ರಾಯಚೂರು ಬಿಸಿಲಿನ ಲೆಕ್ಕ ಬೇರೆ. ಬೆವರಿ ಉಪ್ಪು-ನೀರು ಕಳೆದುಕೊಂಡರೆ ಮೂತ್ರಪಿಂಡ ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತೆ, ರಕ್ತದಲ್ಲಿ ಅದರ ಮಟ್ಟ ಏರುತ್ತೆ. ನಿರ್ಜಲ ಏಕಾದಶಿ, ದಿಢೀರ್ ಉಪ್ಪಿಲ್ಲದ ಪಥ್ಯ ಎರಡೂ ಬೇಡ. (ದೇವರು ಬೇಜಾರಾಗಲ್ಲ.) ಸೊಂಟನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಮಟ್ಟ ಏರಿಸುತ್ತವೆ, ಮೆಡಿಕಲ್ ಶಾಪಿನಲ್ಲಿ ಲಿಥಿಯಂ ವಿಷಯ ಹೇಳಿಯೇ ಕೇಳಿ. ಲೋಟ ತುಳುಕುವಷ್ಟು ಕೈ ನಡುಗಿ, ನಡಿಗೆ ತಪ್ಪಿ, ವಾಂತಿ-ಭೇದಿಯೂ ಶುರುವಾದರೆ ಅದು ಲಿಥಿಯಂ ಅತಿಯಾದ ಲಕ್ಷಣ, ಆಫೀಸಿಗಲ್ಲ, ನೇರ ಆಸ್ಪತ್ರೆಗೆ.