ತೂತಾ, ಕೊಯ್ದರಾ?

ಹೊಟ್ಟೆಗೆ ಸಣ್ಣ ತೂತು ಮಾಡಿ ಪಿತ್ತಕೋಶ (ಗಾಲ್‌ಬ್ಲಾಡರ್) ತೆಗೆಯುವ ಆಪರೇಷನ್‌ಗೆ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಗಂಟೆಯಾಗಿತ್ತು. ಓಟಿ ಬಾಗಿಲಲ್ಲಿ ನರ್ಸ್ ಅವಳ ಹೆಸರು ಕೂಗಿದರು. ಓಡಿಹೋದೆ. ಸರ್ಜನ್ ಜೊತೆಗಿದ್ದ ಕಿರಿಯ ಡಾಕ್ಟರ್ ಹೊರಗೆ ಬಂದಿದ್ದರು.

"ಗಾಲ್‌ಬ್ಲಾಡರ್ ಸುತ್ತ ಎಲ್ಲಾ ಅಂಟಿಕೊಂಡಿದೆ. ತೂತಿನಿಂದ ಕಷ್ಟ. ಓಪನ್ ಮಾಡ್ತಾ ಇದ್ದೀವಿ."

ಏನೋ ಎಡವಟ್ಟಾಗಿದೆ ಅಂತಲೇ ಅಂದುಕೊಂಡೆ. "ಬೇಡ ಡಾಕ್ಟರ್, ಇವತ್ತಿಗೆ ನಿಲ್ಲಿಸಿ. ಮನೆಯಲ್ಲಿ ಕೇಳಿ ಹೇಳ್ತೀನಿ" ಅಂದೆ. ಧ್ವನಿ ನಡುಗುತ್ತಿತ್ತು.

ಅವರು ಗದರಲಿಲ್ಲ. ಬೆರಳುಗಳನ್ನೇ ನಾಳಗಳ ಹಾಗೆ ಹಿಡಿದು ತೋರಿಸಿದರು. ಪಿತ್ತಕೋಶಕ್ಕೆ ಸೇರುವ ಒಂದು ಸಣ್ಣ ಪಿತ್ತನಾಳ, ಒಂದು ರಕ್ತನಾಳ. ಇವೆರಡಕ್ಕೇ ಕ್ಲಿಪ್ ಹಾಕಿ ಕತ್ತರಿಸಬೇಕು. ಪಕ್ಕದಲ್ಲೇ ಲಿವರ್‌ನಿಂದ ಕರುಳಿಗೆ ಪಿತ್ತ ಒಯ್ಯುವ ದೊಡ್ಡ ನಾಳ ಇರುತ್ತದೆ. ಊತ ಜಾಸ್ತಿಯಾಗಿದ್ದರೆ ಯಾವುದು ಯಾವುದೆಂದು ಗುರುತು ಸಿಗುವುದಿಲ್ಲ. ತಪ್ಪಿ ಆ ದೊಡ್ಡದಕ್ಕೆ ಕತ್ತರಿ ಬಿದ್ದರೆ, ಅದನ್ನು ಸರಿಮಾಡಲು ಇನ್ನೂ ದೊಡ್ಡ ಆಪರೇಷನ್ ಬೇಕು.

"ನಾನು ನಿಮ್ಮ ಒಪ್ಪಿಗೆ ಕೇಳೋಕೆ ಬಂದಿಲ್ಲ. ಅಮ್ಮ ನಿನ್ನೆ ರಾತ್ರಿಯೇ ಒಪ್ಪಿದ್ದಾರೆ. ನಿಮಗೆ ತಿಳಿಸೋಣ ಅಂತ ಬಂದೆ."

ಹಿಂದಿನ ರಾತ್ರಿ ಆ ಹೊತ್ತಿಗೆ ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ಅಮ್ಮ ಫಾರ್ಮಿನಲ್ಲಿದ್ದ 'ಅಗತ್ಯಬಿದ್ದರೆ ಹೊಟ್ಟೆ ತೆರೆದು' ಎಂಬ ಸಾಲಿಗೆ ಬೆರಳಿಟ್ಟು, ಹಾಗಂದರೇನು ಎಂದು ಕೇಳಿದ್ದಳಂತೆ. "ಸರಿ ಕಾಣದಿದ್ದರೆ ಕೊಯ್ದುಬಿಡಿ. ನನ್ನನ್ನು ಎಬ್ಬಿಸಿ ಇನ್ನೊಂದು ದಿನ ಮಲಗಿಸಬೇಡಿ" ಅಂದಿದ್ದಳಂತೆ. ಅದೇ ಫಾರ್ಮಿಗೆ ಸಾಕ್ಷಿ ಸಹಿ ಹಾಕಿದ್ದು ನಾನು. ಒಂದು ಸಾಲೂ ಓದಿರಲಿಲ್ಲ. ಈಗಲೂ ನೆನೆದರೆ ಸಂಕಟವಾಗುತ್ತದೆ. ಹೊಟ್ಟೆ ಅವಳದು. ಅವಳು ಮಾತಾಡಲಾಗದ ಹೊತ್ತಿನಲ್ಲಿ ಅವಳ ಮಾತಿಗೆ ಅಡ್ಡ ನಿಂತಿದ್ದೆನಲ್ಲ!

ಮುಂದಿನ ರಾತ್ರಿಗಳಲ್ಲಿ ಮಂಚದ ಪಕ್ಕ ಕೂತು ಓದಿದೆ. 1882ರಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿಗೆ ಪಿತ್ತಕೋಶ ತೆಗೆದದ್ದು ಹೊಟ್ಟೆ ತೆರೆದೇ. 1985ರಲ್ಲಿ ಎರಿಶ್ ಮ್ಯೂಹೆ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ತೂತಿನಿಂದ, ತೆಗೆಯುವವರೆಗೆ, ನೂರು ವರ್ಷ ಅದೇ ದಾರಿ. ನಾನು ಸೋಲು ಅಂದುಕೊಂಡಿದ್ದು, ಕಣ್ಣಿಗೆ ಸರಿಯಾಗಿ ಕಾಣದಾಗ ಸರ್ಜನ್ ಹಿಡಿಯುವ ಹಳೆಯ, ಗೊತ್ತಿರುವ ದಾರಿ. ಗಾಯ ದೊಡ್ಡದು, ನೋವು ಜಾಸ್ತಿ, ಮನೆಗೆ ಹೋಗುವುದು ತಡ. ಅದು ನಿಜ. ಕೆಮ್ಮು ಬಂದಾಗಲೆಲ್ಲ ಅಮ್ಮ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದಳು.

ಆ ದಿನ ಸಂಜೆ ಅವಳಿಗೆ ಎಚ್ಚರವಾದಾಗ ತುಟಿ ಒಣಗಿತ್ತು. ನನ್ನನ್ನು ನೋಡಿ ಮೊದಲು ಕೇಳಿದ್ದು ಇಷ್ಟೇ.

"ತೂತಾ, ಕೊಯ್ದರಾ?"

"ಕೊಯ್ದರಮ್ಮಾ."

"ಹೂಂ" ಅಂದಳು. ನನ್ನ ಕೈ ಹಿಡಿದುಕೊಂಡೇ ಮತ್ತೆ ನಿದ್ದೆ ಹೋದಳು.