ನಕಲು ತಪಾಸಣೆಯಲ್ಲಿ ಸೊನ್ನೆ ಶೇಕಡಾ ಬಂದ ಅಸೈನ್‌ಮೆಂಟನ್ನು ಮೊದಲು ನೋಡಿ

‘ಬಹಮನಿ ವಾಸ್ತುಶಿಲ್ಪ ಕುರಿತು ಪ್ರಬಂಧ ಬರೆಯಿರಿ’ ಎಂದು ಕೊಟ್ಟರೆ ಇಡೀ ಕ್ಲಾಸಿನಿಂದ ಬರುವುದು ಎರಡು ಮೂರು ಪ್ರಬಂಧ, ಉಳಿದವು ಅವುಗಳ ನಕಲು. ಹುಡುಗರನ್ನು ಬೈಯುವ ಮೊದಲು ಪ್ರಶ್ನೆಯನ್ನು ನೋಡಬೇಕು. ಅದರ ಉತ್ತರ ನೆಟ್‌ನಲ್ಲಿ ಸಿದ್ಧವಾಗಿ ಕೂತಿದೆ.

ಅದನ್ನೇ ಹೀಗೆ ಕೇಳಬಹುದು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ (1367) ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿ. ಬೀದರಿನ ಮಹಮೂದ್ ಗವಾನ್ ಮದರಸಾ (1472) ಅಂಗಳವನ್ನು ನಡುವೆ ಇಟ್ಟುಕೊಂಡ ಕಟ್ಟಡ. ಎರಡರಲ್ಲಿ ಒಂದರೊಳಗೆ ನಿಂತು, ಬೆಳಕು ಎಲ್ಲಿಂದ ಬೀಳುತ್ತದೆ ಎಂದು ನೋಡಿ, ಕೈಯಾರೆ ನಕಾಶೆ ಬರೆದು, ಇನ್ನೊಂದರ ಬಗ್ಗೆ ಓದಿದ್ದರ ಜೊತೆ ಹೋಲಿಸಿ. ಯಾದಗಿರಿಯವರಿಗೆ ಅವರ ಕೋಟೆ ಇದೆ. ದೂರದ ಹಳ್ಳಿಯಿಂದ ಬಸ್ಸಿಗೆ ಬರುವವರಿಗೆ ಅವರ ಊರಿನ ಗುಡಿ, ದರ್ಗಾ, ಬಾವಿಯೇ ಸಾಕು.

20 ಅಂಕವನ್ನು ಒಟ್ಟಿಗೆ ಇಡಬೇಡಿ. ಪುಟಸಂಖ್ಯೆ ಸಹಿತ ಎರಡು ಆಕರಗಳಿಗೆ 4, ಕೈಬರಹದ ಟಿಪ್ಪಣಿಗೆ 6, ಅಂತಿಮ ಬರಹಕ್ಕೆ 7, ಐದು ನಿಮಿಷದ ಮೌಖಿಕಕ್ಕೆ 3. ಹಿಂದಿನ ರಾತ್ರಿ ಕೂತು ಕಾಪಿ ಹೊಡೆಯುವವರು ಮೊದಲ 10 ಅಂಕ ಆಗಲೇ ಕಳೆದುಕೊಂಡಿರುತ್ತಾರೆ.

ಮನೆಯಲ್ಲಿ ಉರ್ದು, ಮರಾಠಿ, ತೆಲುಗು ಮಾತಾಡುವ ಮಕ್ಕಳು ನಮ್ಮ ಕಡೆ ಬಹಳ. ಪುಸ್ತಕದ ಕನ್ನಡ ಕೈಗೆ ಹತ್ತದೆ ಮೂಲದ ವಾಕ್ಯದಲ್ಲಿ ಎರಡು ಪದ ಬದಲಿಸಿ ಬರೆಯುತ್ತಾರೆ. ಇದನ್ನು ಕಳ್ಳತನ ಅನ್ನುವ ಮೊದಲು ಒಂದು ಪಿರಿಯಡ್ ಕಲಿಸಬೇಕು: ಒಂದು ಪ್ಯಾರಾ ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿನಿಂದ ಬರೆಸಿ, ಆಮೇಲೆ ತೆಗೆದು ಹೋಲಿಸಿ.

ಇನ್ನು ನಕಲು ಹಿಡಿಯುವ ಸಾಫ್ಟ್‌ವೇರ್. ಬರಹದ ಎಷ್ಟು ಶೇಕಡಾ ಬೇರೆ ಮೂಲಗಳ ಜೊತೆ ಹೊಂದುತ್ತದೆ ಎಂದು ಅದು ತೋರಿಸುತ್ತದೆ. ‘ನುಡಿ’ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಕಂಪ್ಯೂಟರಿಗೆ ಕನ್ನಡವಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹಾಗಾಗಿ ಕಂಪ್ಯೂಟರಿಗೆ ಕನ್ನಡವಾಗಿಯೇ ಅರ್ಥವಾಗುವ ಯುನಿಕೋಡ್‌ನಲ್ಲಿರುವ ಮೂಲದ ಜೊತೆ ಹೊಂದಿಕೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್‌ನ ಕಥೆಯೂ ಅಷ್ಟೇ. ಹತ್ತಾರು ವಚನಗಳಿರುವ ಬರಹಕ್ಕೆ ಸೊನ್ನೆ ಶೇಕಡಾ ಬಂದಿದ್ದರೆ ಫಾಂಟ್ ನೋಡಿ, ಯುನಿಕೋಡ್‌ಗೆ ಬದಲಿಸಿ ಮತ್ತೆ ಹಾಕಿ. ಉಲ್ಟಾ ತೊಂದರೆಯೂ ಉಂಟು: ಬಸವಣ್ಣನವರ ವಚನವನ್ನು ಸರಿಯಾಗಿ ಉದ್ಧರಿಸಿದರೂ ವರದಿ ಕೆಂಪಾಗುತ್ತದೆ. ಉದ್ಧರಣೆ, ಗ್ರಂಥಸೂಚಿ ತೆಗೆದು ನೋಡದೆ ಶೇಕಡಾವನ್ನೇ ತೀರ್ಪು ಮಾಡಬಾರದು.

ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಂದ 2018ರ ನಿಯಮಾವಳಿಯನ್ನು ಅಸೈನ್‌ಮೆಂಟಿಗೂ ಎಳೆದು ತರುವವರಿದ್ದಾರೆ. ಅದರಲ್ಲಿ ಹೊಂದಿಕೆಗೆ ಇಟ್ಟ 10, 40, 60 ಶೇಕಡಾದ ಮೆಟ್ಟಿಲುಗಳು ಸಂಶೋಧನಾ ಪ್ರಬಂಧ, ಮಹಾಪ್ರಬಂಧಗಳಿಗೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳನ್ನು ಅದೇ ನಿಯಮಾವಳಿ ಹೊರಗಿಟ್ಟಿದೆ. ಅಂದಮೇಲೆ ಡಿಗ್ರಿ ಕ್ಲಾಸಿಗೆ ವಿಭಾಗವೇ ಒಂದು ಪುಟದ ನಿಯಮ ಬರೆದು, ಸೆಮಿಸ್ಟರ್ ಶುರುವಾಗುವಾಗಲೇ ಓದಿ ಹೇಳಬೇಕು.

ಚಾಟ್‌ಜಿಪಿಟಿ ಬರೆದಿದ್ದನ್ನು ಹಿಡಿಯುವ ಯಂತ್ರಗಳನ್ನು ನಂಬಿ ಯಾರ ಅಂಕವನ್ನೂ ಕತ್ತರಿಸಬೇಡಿ. ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ನಿಲ್ಲಿಸಿತು. ಬದಲಿಗೆ ಆಕರಪಟ್ಟಿ ಹಿಡಿದು ಲೈಬ್ರರಿಗೆ ಹೋಗಿ. ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ಪುಸ್ತಕಗಳ ಹೆಸರು ಅಲ್ಲಿ ಸಿಕ್ಕಿಬೀಳುತ್ತವೆ.

ನಕಲು ಸಿಕ್ಕಾಗ ಕ್ಲಾಸಿನಲ್ಲಿ ಹೆಸರು ಹಿಡಿದು ಕೂಗಬೇಡಿ. ನಾಚಿಕೆಪಟ್ಟ ಹುಡುಗ ಕಾಲೇಜೇ ಬಿಟ್ಟಾನು. ಅವನ ಪುಟ, ಮೂಲದ ಪುಟ ಎರಡನ್ನೂ ಪ್ರಿಂಟ್ ತೆಗೆದು, ಸಾಲಿಗೆ ಸಾಲು ಗೆರೆ ಎಳೆದು, ಸ್ಟಾಫ್ ರೂಮಿನಲ್ಲಿ ಇನ್ನೊಬ್ಬ ಅಧ್ಯಾಪಕರ ಎದುರು ಮಾತಾಡಿಸಿ. ‘ಕಾಪಿ ಮಾಡಿದೆಯಾ?’ ಎಂದಲ್ಲ, ‘ಈ ಪದದ ಅರ್ಥ ಏನು, ಈ ಪುಸ್ತಕ ಎಲ್ಲಿ ಸಿಕ್ಕಿತು?’ ಎಂದು ಕೇಳಿ. ಉದ್ಧರಣ ಚಿಹ್ನೆ ಬಿಟ್ಟಿದ್ದರೆ ತಿದ್ದಿಸಿದರೆ ಸಾಕು. ಪದ ಬದಲಿಸಿದ ನಕಲಿಗೆ ಒಂದು ವಾರ ಕೊಟ್ಟು ಮರಳಿ ಬರೆಸಿ, ಅಂತಿಮ ಬರಹದ ಅಂಕ ಅರ್ಧ ಮಾಡಿ. ಇಡೀ ಎತ್ತಿದ್ದಾದರೆ ಆ ಭಾಗಕ್ಕೆ ಸೊನ್ನೆ, ವಿಭಾಗದ ಮುಖ್ಯಸ್ಥರಿಗೆ ಬರಹದಲ್ಲಿ ವರದಿ. ಇಬ್ಬರದು ಒಂದೇ ಇದ್ದರೆ ಬೇರೆ ಬೇರೆ ಕೂರಿಸಿ ಟಿಪ್ಪಣಿ ಪುಸ್ತಕ ತರಿಸಿ. ಯಾರ ಟಿಪ್ಪಣಿಯಲ್ಲಿ ಹೊಡೆದುಹಾಕಿದ ಸಾಲುಗಳಿವೆಯೋ ಅವರು ಬರೆದಿರುವ ಸಾಧ್ಯತೆ ಹೆಚ್ಚು.